ಮೆಹಕರದ ಹೊಸ್ತಿಲಲ್ಲಿ ಪರದೇಶದ ಧಾಟಿ

ನನಗೆ ಬಾರದ ಭಾಷೆಯಲ್ಲೇ ನಾನು ಚೆನ್ನಾಗಿ ಹಾಡುತ್ತೇನೆ. ಬರುವ ಭಾಷೆಯಲ್ಲಿ ಹಾಡಿದರೆ ತಪ್ಪು ಎಲ್ಲರಿಗೂ ಗೊತ್ತಾಗುತ್ತದೆ. ಬೀದರದ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟದ್ದಿಲ್ಲ: ಅಪ್ಪನ ಕೆಮ್ಮು, ಆಟೋದವರ ಜಗಳ, ಕನ್ನಡಿ ಮುಂದೆ ನಿಂತ ನನ್ನದೇ ಗತ್ತು. ಆದರೆ ಹೆಸರು ತಂದುಕೊಟ್ಟದ್ದು ಒಂದು ಪರದೇಶದ ಹಾಡು. ಮೊಬೈಲಿನಲ್ಲಿ ಕೇಳಿ ಕೇಳಿ, ಒಂದಕ್ಷರ ತಿಳಿಯದೆ, ಪೂರ್ತಿ ಬಾಯಿಪಾಠ ಮಾಡಿದ್ದೆ. ಅಕ್ಕ ರೊಟ್ಟಿ ಬಡಿಯುತ್ತ ತಾಳ ಹಾಕುತ್ತಿದ್ದಳು.

ವರ್ಷದೊಳಗೆ ಅದೇ ಹಾಡು ಇಂಗ್ಲಿಷಿನಲ್ಲಿ ಬಂದು ಜಗತ್ತನ್ನೆಲ್ಲ ಕುಣಿಸಿತು. ಹುಡುಕಿ ಓದಿದೆ. ಮೂಲದಲ್ಲಿ ಅದು ಊರು ಬಿಟ್ಟವರ ಕೊರಗಂತೆ. ಇಂಗ್ಲಿಷಿನಲ್ಲಿ ಬರೆದವರಿಗೆ ಮೂಲದ ಭಾಷೆಯೇ ಬಾರದು. ಕೊರಗನ್ನು ಅಲ್ಲೇ ಬಿಟ್ಟು, ಧಾಟಿಯನ್ನಷ್ಟೇ ಎತ್ತಿಕೊಂಡು, ಪ್ರೀತಿಯ ನಾಲ್ಕು ಮಾತು ತುಂಬಿದರಂತೆ. ಎಂಥ ಕಳ್ಳರು ಅಂದುಕೊಂಡೆ. ನಾನಂತೂ ಆ ನಾಲ್ಕು ಮಾತನ್ನೂ ತುಂಬಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಮದುವೆಯಾಯಿತು, ಭಾಲ್ಕಿ ತಾಲ್ಲೂಕಿನ ಮೆಹಕರದ ಮನೆಗೆ. ನಮ್ಮ ಕಡೆ ಹೊಸ ಸೊಸೆ ಒಡಪು ಹೇಳಬೇಕು. ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರು ಬಂದರೇನೇ ಹೊಸ್ತಿಲು ದಾಟಿಸುವುದು. ತಿಂಗಳಿಡೀ ಕಲಿತದ್ದು ಹೊಸ್ತಿಲಲ್ಲಿ ನಿಂತೊಡನೆ ಅಕ್ಕನಿಗೆ ಮರೆತೇ ಹೋಯಿತು. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಮರಾಠಿಯಲ್ಲಿ ಪಿಸುಗುಟ್ಟಿ ನಕ್ಕರು.

"ಹೆಸರು ಹೇಳವ್ವಾ, ಇಲ್ಲಾಂದ್ರ ಅಂಗಳದಾಗೇ ಸಂಸಾರ ಮಾಡಬೇಕಾಗ್ತದ" ಎಂದರು ಅವಳ ಅತ್ತೆ.

ಅಕ್ಕನ ಕಣ್ಣು ತುಂಬಿತು. ಇವತ್ತು ಮೂಕಿ ಎನಿಸಿಕೊಂಡರೆ ಆ ಮನೆಯಲ್ಲಿ ಮುಪ್ಪಿನವರೆಗೂ ಮೂಕಿಯೇ. ಟ್ರಂಕು ಹೊತ್ತು ಹಿಂದೆ ನಿಂತಿದ್ದ ನಾನು, ಬೇರೇನೂ ಹೊಳೆಯದೆ, ಆ ಹಾಡನ್ನೇ ಗುನುಗಿದೆ. ಅಕ್ಕನ ಕಾಲ್ಬೆರಳು ತಾಳ ಹಾಕಿತು. ಮರುಗಳಿಗೆ ಅದೇ ಧಾಟಿಯಲ್ಲಿ ದನಿ ಎದ್ದಿತು:

"ಅಪ್ಪನ ಬೀದರ ಬಿಟ್ಟ ಬಂದೀನಿ, ಹಿಂದ ನೋಡಂಗಿಲ್ಲಾ,
ಶರಣಪ್ಪನವರ ಕೈ ಹಿಡದೀನಿ, ದಾರಿ ಬಿಡ್ರೆಲ್ಲಾ."

ನಾದಿನಿಯರು ಸರಿದರು. "ಇದು ಯಾವೂರ ಧಾಟಿನೋ ತಮ್ಮಾ?" ಎಂದರು ಅತ್ತೆ.

"ಬೀದರದ್ದೇ ರೀ, ಭಾಳ ಹಳೇದು" ಎಂದೆ, ಗಂಭೀರವಾಗಿ.

ಬಸ್ಸಿನಲ್ಲಿ ಮರಳುವಾಗ ಹೊಳೆಯಿತು: ಇಂಗ್ಲಿಷಿನವರು ಬಿಟ್ಟುಹೋಗಿದ್ದ ಆ ಕೊರಗನ್ನು ಅಕ್ಕ ತನಗೇ ಗೊತ್ತಿಲ್ಲದೆ ಹಾಡಿಗೆ ಮರಳಿಸಿದ್ದಳು. ಆಮೇಲೆ ಔರಾದದವರೆಗೂ ನಾನು ಯಾರನ್ನೂ ಅಣಕಿಸಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಬೀದರದ ಆ ಬಸ್ಸು ಔರಾದಕ್ಕೆ ಹೋಗುವುದೇ ಇಲ್ಲ.

ಮೊನ್ನೆ ಮೆಹಕರಕ್ಕೆ ಹೋದಾಗ ಪಕ್ಕದ ಮನೆಯ ಹೊಸ ಸೊಸೆ ಹೊಸ್ತಿಲಲ್ಲಿ ಅದೇ ಧಾಟಿಗೆ ತನ್ನ ಗಂಡನ ಹೆಸರು ಕೂರಿಸುತ್ತಿದ್ದಳು. ಒಂದೆಡೆ ಎಳೆತ ತಪ್ಪಿತು. ತಿದ್ದಲು ಬಾಯಿ ತೆರೆದೆ. ಅಕ್ಕನ ಅತ್ತೆ ನನ್ನ ತೋಳು ಹಿಡಿದರು.

"ಸುಮ್ನಿರಪಾ. ಇದು ಮೆಹಕರದ ಹಾಡು, ನಿನಗೇನ್ ಗೊತ್ತು."