ಹೊಟ್ಟೆಯ ಫೋಟೊ ಮತ್ತು ಬಿಚ್ಚದ ಬುತ್ತಿ

ಫೋಟೊ ಎಂದರೆ ಮದುವೆಯಲ್ಲಿ ಮಾತ್ರ ತೆಗೆಸುವಂಥದ್ದು ಎಂದು ನಾವೆಲ್ಲ ನಂಬಿದ್ದ ಕಾಲವದು, ಎಪ್ಪತ್ತರ ದಶಕ. ಒಂಬತ್ತು ವರ್ಷದ ನನಗೆ ಇಂಡಿ ಊರಿನ ಡಾಕ್ಟರು ಬಿಜಾಪುರದಲ್ಲಿ ಹೊಟ್ಟೆಯ ಫೋಟೊ ತೆಗೆಸಿಕೊಳ್ಳಲು ಹೇಳಿದರು! ಉಂಡಾಗಲೆಲ್ಲ ಕಾಡುತ್ತಿದ್ದ ನೋವೇ ಮರೆತುಹೋಯಿತು. ಗೆಳತಿಯರ ಮುಂದೆ ನನ್ನ ನಡಿಗೆಯೇ ಬೇರೆಯಾಯಿತು.

"ಮುಂಜಾನೆ ಏನೂ ತಿನ್ನಿಸಬ್ಯಾಡ್ರಿ. ತಿಂದ್ರ ಹೊಳ್ಳಿ ಕಳಸ್ತಾರ," ಎಂದು ಡಾಕ್ಟರು ಹೇಳಿದ್ದು ಅಪ್ಪನಿಗೆ. ಪಕ್ಕದಲ್ಲೇ ಕೂತಿದ್ದ ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಏಕೆ ತಿನ್ನಬಾರದು, ಎಷ್ಟು ತಾಸು, ನೀರಾದರೂ ಕುಡಿಯಬಹುದೇ ಎಂಬುದನ್ನು ಹಸಿದ ಮಗುವನ್ನು ಸಂತೈಸಬೇಕಾದವಳಿಗೇ ಯಾರೂ ತಿಳಿಸದಿದ್ದದ್ದು ಅನ್ಯಾಯ. ಹೆದರಿದ ಅವ್ವ ಹಿಂದಿನ ದಿನದ ಮಧ್ಯಾಹ್ನದಿಂದಲೇ ನನಗೆ ತಾಟು ಹಾಕಲಿಲ್ಲ. ಆ ತಪ್ಪನ್ನೂ ನಾನು ಅವ್ವನ ಮೇಲೆ ಹೊರಿಸಲಾರೆ.

ಮರುದಿನ ಅವ್ವ, ನಾನು ಇಬ್ಬರೇ ಬಸ್ಸು ಹತ್ತಿದೆವು. ಬಸ್ಸಿನ ಮೇಲೆ ಲಿಂಬೆಹಣ್ಣಿನ ಬುಟ್ಟಿಗಳು, ಒಳಗೆಲ್ಲ ಅವುಗಳ ಘಮ, ಕಿಟಕಿ ನನ್ನದು! ಆಗ ಎದುರಿನ ಮುದುಕಿಯೊಬ್ಬಳು ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎದುರಿಗಿನ ಮಗುವಿಗೆ ಕೊಡದೆ ಉಣ್ಣುವುದು ನಮ್ಮ ಕಡೆ ಪಾಪ. ಮೊದಲ ತುಣುಕು ನನ್ನತ್ತ ಬಂತು. ನನ್ನ ಕೈ ಆಗಲೇ ಚಾಚಿತ್ತು.

ಅವ್ವ ಕೈ ಹಿಡಿದಳು. "ಬ್ಯಾಡ್ರಿ ಆಯಿ, ಹೊಟ್ಟಿ ಫೋಟೊ ತಗಸಾಕ ಹೊಂಟೇವಿ. ತಿನ್ನಬಾರದಂತ."

"ಕೂಸಿಗೆ ಎಂಥಾ ಉಪವಾಸ ಬೇ! ನಾ ಏಕಾದಶಿಗೂ ಶೇಂಗಾ ತಿಂತೇನಿ!" ಎಂದು ಗದರಿದ ಮುದುಕಿ, ನನ್ನ ಮುಖ ನೋಡಿ ರೊಟ್ಟಿಯನ್ನು ಮರಳಿ ಗಂಟು ಕಟ್ಟಿದಳು. "ನೀ ಉಂಡ ಮ್ಯಾಲನ ನಾ ಉಣ್ತೇನಿ, ಮಗಳ." ಹಿಂದಕ್ಕೆ ತಿರುಗಿ ಕೂಗಿದಳು: "ಏ ತಮ್ಮಾ, ಆ ಚುರಮುರಿ ಮುಚ್ಚು! ಇಲ್ಲಿ ಕೂಸು ಉಪವಾಸ ಐತಿ!"

"ನನ್ನ ಬಾಯಾಗಿನ ಎಲಿ-ಅಡಿಕಿನೂ ಉಗಳಬೇಕೇನ್ರಿ ಆಯಿ?" ಕಂಡಕ್ಟರ್ ಕೇಳಿದ.

"ಉಗಳು!"

ಬಸ್ಸೆಲ್ಲ ನಕ್ಕಿತು. ಆದರೆ ಬಿಜಾಪುರದ ತನಕ ಒಬ್ಬರೂ ಬುತ್ತಿ ಬಿಚ್ಚಲಿಲ್ಲ. ಇಡೀ ಬಸ್ಸು ನನ್ನೊಂದಿಗೆ ಉಪವಾಸವಿತ್ತು!

ಆಸ್ಪತ್ರೆಯಲ್ಲಿ ಕಾಲುನೋವಿನ ಸಾಹುಕಾರರೊಬ್ಬರನ್ನು ಸಾಲು ತಪ್ಪಿಸಿ ಒಳಗೆ ಕರೆಯುತ್ತಿದ್ದರು. ದುಡ್ಡಿದ್ದವರಿಗೆ ಒಂದು ಬಾಗಿಲು, ಹಸಿದವರಿಗೆ ಒಂದು ಬಾಗಿಲು ಎಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಸಂತೆಯ ಕೆಲಸ ಬಿಟ್ಟು ನಮ್ಮ ಬೆನ್ನಿಗೇ ಬಂದಿದ್ದ ಮುದುಕಿ ಅಡ್ಡ ನಿಂತಳು: "ಸಾವ್ಕಾರ್ರ ಕಾಲಿನ ಫೋಟೊ ಉಂಡ್ರೂ ಬರ್ತೈತಿ. ಮೊದಲ ಕೂಸಿನ್ನ ಕರೀರಿ!"

ಕರೆದರು. ಸುಣ್ಣದ ನೀರಿನಂಥ ಔಷಧ ಕುಡಿದು, ತಣ್ಣನೆಯ ಎಕ್ಸ್-ರೇ ಹಲಗೆಗೆ ಹೊಟ್ಟೆಯೊತ್ತಿ ಉಸಿರು ಹಿಡಿದೆ. ಫೋಟೊ ಬಂತು! ಹೊರಗೆ ಬೇವಿನ ನೆರಳಿನಲ್ಲಿ ಆ ಗಂಟು ಬಿಚ್ಚಿತು. ಮೊದಲ ತುತ್ತು ನನ್ನದು, ಎರಡನೆಯದು ಆಕೆಯದು.

ಮೊನ್ನೆ ಮೊಮ್ಮಗಳ ಹೊಟ್ಟೆಯ ಸ್ಕ್ಯಾನಿಂಗಿಗೆ ಹೋಗಿದ್ದೆ. ಯಾವ ವಯಸ್ಸಿನ ಮಗು ಎಷ್ಟು ತಾಸು ಹಸಿದಿರಬೇಕೆಂದು ತಾಯಂದಿರಿಗೆ ಬಿಡಿಸಿ ಹೇಳಿರೆಂದು ಅಲ್ಲಿನ ಸಿಬ್ಬಂದಿಯೊಡನೆ ವಾದಿಸಿದೆ. ಪಕ್ಕದಲ್ಲೊಬ್ಬರು ಹಸಿದ ಮೊಮ್ಮಗಳ ಕಣ್ಣೆದುರೇ ಬಿಸ್ಕೀಟು ತಿನ್ನುತ್ತಿದ್ದರು. ಎಂಥ ಕಾಲ ಬಂತೆಂದು ನಾನು ಸಿಡುಕುವಷ್ಟರಲ್ಲಿ ಮೊಮ್ಮಗಳು ಮೆಲ್ಲಗೆ ಕೇಳಿದಳು:

"ಆಯಿ, ನೀ ನಾಷ್ಟಾ ಮಾಡಿ ಬಂದೀಯೇನು?"

ಮಾಡಿ ಬಂದಿದ್ದೆ.