ನಲವತ್ತು ಅಂಗಿಗಳ ಕೆಂಪು

ಬಣ್ಣದಕ್ಕನಿಗೆ ಆ ಹೆಸರು ಬಂದದ್ದು ಷರಬತ್ತಿನ ಪುಡಿಯಿಂದ. ಇಪ್ಪತ್ತೊಂದು ವರ್ಷ ಪುಡಿ ಕಾರ್ಖಾನೆಯಲ್ಲಿ ಕೂತು ಪೊಟ್ಟಣ ತುಂಬಿದವಳು. ಮನೆಗೆ ಒಯ್ದು, ನೀರು ಸಕ್ಕರೆ ಬೆರೆಸಿಕೊಂಡು ಕುಡಿಯುವ ಹುಳಿಪುಡಿ ಅದು. ಸೋಮವಾರ ಕಿತ್ತಳೆ, ಮಂಗಳವಾರ ದ್ರಾಕ್ಷಿ, ಬುಧವಾರ ಚೆರ್ರಿ. ಗುರುವಾರ ಸೀನಿದರೆ ಕರವಸ್ತ್ರದ ಮೇಲೆ ಮೂರೂ ಬಣ್ಣ ಬೀಳುತ್ತಿದ್ದವು. ಜೊತೆಯಲ್ಲೇ ಇದ್ದ ನಾದಿನಿ ನಗುತ್ತಿದ್ದಳು: “ಅತ್ತಿಗೆ, ನಿಮ್ಮನ್ನ ಒಂದ್ಸಲ ನೀರಿನ ಕೊಡಕ್ಕೆ ಅದ್ದಿ ತೆಗೆದ್ರೆ ಸಾಕು, ಬಂದ ನೆಂಟರಿಗೆಲ್ಲ ಷರಬತ್ತಾಗತ್ತೆ.”

ಆ ಧೂಳಿನಲ್ಲೇ ಅವಳು ಒಂದು ವಿಷಯ ಕಂಡುಕೊಂಡಳು. ಹತ್ತಿಯ ಏಪ್ರನ್ನು ಒಂದೇ ಒಗೆತಕ್ಕೆ ಬೆಳ್ಳಗಾಗುತ್ತಿತ್ತು. ಚಳಿಗೆ ಸುತ್ತಿಕೊಂಡ ಉಣ್ಣೆಯ ಮಫ್ಲರು ಮಾತ್ರ, ಎಷ್ಟು ಒಗೆದರೂ ಹಿಡಿದ ಬಣ್ಣ ಬಿಡಲೊಲ್ಲದು. ಹರಿದ ಪೊಟ್ಟಣಗಳನ್ನು ಕೆಲಸದವರು ಮನೆಗೆ ಒಯ್ಯುವುದು ಅಲ್ಲಿನ ರೂಢಿ. ಮಿಕ್ಕವರು ಕಲಸಿ ಕುಡಿದರು, ಇವಳು ಒಲೆಯ ಮೇಲಿನ ಪಾತ್ರೆಗೆ ಸುರಿದಳು. ನೀರು ಕೊತಕೊತ ಕುದಿಯಬಾರದು, ಇನ್ನೇನು ಕುದಿಯಬೇಕು ಅನ್ನುವಲ್ಲಿ ಉರಿ ತಗ್ಗಿಸಬೇಕು. ಕಲಕಿದರೆ ಉಣ್ಣೆ ಗಂಟು ಕಟ್ಟುತ್ತದೆ, ಮಲಗಿದ ಕೂಸನ್ನು ಬಿಟ್ಟಂತೆ ಬಿಡಬೇಕು. ಅರ್ಧ ಗಂಟೆಗೆ ನೀರು ತಿಳಿಯಾಗುತ್ತದೆ, ಬಣ್ಣವನ್ನೆಲ್ಲ ಉಣ್ಣೆ ಕುಡಿದಿರುತ್ತದೆ. ಮೊದಲ ಸಲ ಆ ತಿಳಿನೀರು ಕಂಡಾಗ ಅವಳು ಕೈಯನ್ನೇ ಒಳಗೆ ಅದ್ದಿ ನೋಡಲು ಹೋಗಿ ಸುಟ್ಟುಕೊಂಡಿದ್ದಳು.

ಹೊಸದಾಗಿ ಬಂದ ಮ್ಯಾನೇಜರಿಗೆ ರೂಢಿ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ. ಗೇಟಿನಲ್ಲಿ ಚೀಲ ಬಿಚ್ಚಿಸಿ, ಹರಿದ ನಾಲ್ಕು ಪೊಟ್ಟಣ ಎತ್ತಿ ಹಿಡಿದು, ಎಲ್ಲರೆದುರು “ಕಳ್ಳಿ” ಎಂದು ಕೆಲಸದಿಂದ ತೆಗೆದ. ಪಕ್ಕದಲ್ಲಿ ಕೂತು ದುಡಿದವರೆಲ್ಲ ನೆಲ ನೋಡಿದರು. ಅವಳೂ ತುಟಿ ಪಿಟಕ್ಕೆನ್ನದೆ ಮನೆಗೆ ಬಂದಳು. ಅಂದು ನುಂಗಿದ ಮಾತು ಹನ್ನೊಂದು ವರ್ಷವಾದರೂ ಗಂಟಲಿಂದ ಕೆಳಗಿಳಿದಿರಲಿಲ್ಲ.

ಆಮೇಲೆ ಅಂಗಡಿಯಿಂದ ಪುಡಿ ತಂದು ಬೀದಿಯವರ ಶಾಲಿಗೆ, ಸ್ವೆಟರಿಗೆ ಬಣ್ಣ ಹಾಕಿಕೊಡತೊಡಗಿದಳು. ಬಣ್ಣದಕ್ಕ ಹಾಕಿದ ಬಣ್ಣ ಹೋಗಲ್ಲ ಎಂದು ಬೀದಿಯೇ ಹೇಳಿತು. ಅವಳಿಗಿದ್ದ ಆಸ್ತಿ ಆ ಒಂದು ಮಾತು.

ಆ ಮಾತಿಗೆ ಕಲ್ಲು ಹಾಕಿದವನು ಎದುರುಮನೆಯ ದರ್ಜಿ. ಶಾಲೆಯ ಕವಾಯತಿಗೆಂದು ನಲವತ್ತು ಬಿಳಿ ಹತ್ತಿಯ ಅಂಗಿ ಹೊಲಿದಿದ್ದ. ಕೊನೇ ವಾರದಲ್ಲಿ ಹೆಡ್‌ಮಿಸ್ಸಿಗೆ ಅವು ಕೆಂಪಾಗಬೇಕೆನಿಸಿತು. ದರ್ಜಿ ನೇರ ಇವಳ ಅಡುಗೆಮನೆಗೆ ಬಂದ.

“ಅಕ್ಕಾ, ನಿನ್ನ ಪುಡಿ ಗುಟ್ಟು ಸ್ವಲ್ಪ ಹೇಳು.”

“ಗುಟ್ಟೇನು ಬಂತು? ಆದ್ರೆ ಅದು ಹತ್ತಿಗೆ ಹಿಡಿಯಲ್ಲಪ್ಪ. ಕುರಿ ಮೈಮೇಲೆ ಬೆಳೆದದ್ದಕ್ಕೆ ಹಿಡಿಯತ್ತೆ, ಗಿಡದಲ್ಲಿ ಬೆಳೆದದ್ದಕ್ಕಿಲ್ಲ.”

“ಬಟ್ಟೆ ಬಟ್ಟೆನೇ ಅಲ್ವಾ?”

“ಬೇಕಾದ್ರೆ ನಿನ್ನ ತಲೆಗೂದಲಿಗೆ ಹಿಡಿಯತ್ತೆ. ಇದ್ದಿದ್ರೆ.”

ಅವನು ಬೋಳುತಲೆ ಸವರಿಕೊಂಡು ನಕ್ಕ. ಹೊರಗೆ ಹೋಗುವಾಗಲೇ ಅವನ ಮನಸ್ಸಿನಲ್ಲಿ, ಇವಳು ಬಚ್ಚಿಡುತ್ತಿದ್ದಾಳೆ, ಕೆಲಸ ತಾನೇ ಹೊಡೆಯಬೇಕು ಅಂತಿದ್ದಾಳೆ ಎಂದು ಕೂತುಬಿಟ್ಟಿತ್ತು.

ಹೋದವನು ಸಕ್ಕರೆ ಬೆರೆಸಿದ ಪುಡಿ ತಂದು, ದೊಡ್ಡ ಟಬ್ಬಿನಲ್ಲಿ ನಲವತ್ತನ್ನೂ ನೆನೆಹಾಕಿದ. ಹಗ್ಗದ ಮೇಲೆ ಒಣಗುವಾಗ ಇರುವೆ ಸಾಲುಗಟ್ಟಿದವು, ಕೊಡವಿದ. ಇಸ್ತ್ರಿಪೆಟ್ಟಿಗೆಗೆ ಅಂಟು ಮೆತ್ತಿ ಸುಟ್ಟ ಸಕ್ಕರೆಯ ವಾಸನೆ ಬಂತು, ಕಿಟಕಿ ತೆರೆದ. ಒಂದು ಅಂಗಿಯನ್ನಾದರೂ ಒಗೆದು ನೋಡೋಣ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಶನಿವಾರದ ಬಿಸಿಲಿಗೆ ಮಕ್ಕಳು ಮೂರು ಸುತ್ತು ಹಾಕುವಷ್ಟರಲ್ಲಿ ಬೆವರಿನ ಜೊತೆ ಕೆಂಪು ಇಳಿಯಿತು. ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಕಾಲುಚೀಲಕ್ಕೆ. ಒಬ್ಬ ತಾಯಿ “ರಕ್ತ!” ಎಂದು ಚೀರಿದಳು. ಹೆಡ್‌ಮಿಸ್ಸು ದರ್ಜಿಯ ಬೆವರಿಳಿಸಿದಾಗ ಅವನು ಹಿಂದೆಮುಂದೆ ನೋಡದೆ ಇವಳ ಮೇಲೆ ಗೂಬೆ ಕೂರಿಸಿದ: “ಬಣ್ಣದಕ್ಕ ಹೇಳಿಕೊಟ್ಟ ಹಾಗೇ ಮಾಡಿದ್ದು, ಮಿಸ್.”

ನಲವತ್ತು ಮಕ್ಕಳ ತಾಯಂದಿರೂ ಮೈದಾನದಿಂದ ಸೀದಾ ಅವಳ ಬಾಗಿಲಿಗೆ ಬಂದರು. ಹಿಂದೆ ಹೆಡ್‌ಮಿಸ್ಸು.

“ದರ್ಜಿಗೆ ಏನು ಹೇಳಿಕೊಟ್ಟೆ? ಮಕ್ಕಳ ಮೈಗೆ ಇರುವೆ ಮುತ್ತಿಸಿದ್ಯಲ್ಲೇ!”

“ಏನು ಬಣ್ಣಾನೋ! ಹೋಗಲ್ಲ ಅಂತ ಏನು ಬಾಯೋ!”

“ಸುಮ್ಮನೆ ಓಡಿಸಿದ್ರಾ ಕಾರ್ಖಾನೆಯವರು?”

ಮೊದಲೆರಡು ಮಾತಿಗೆ ಅವಳು ಏನಾಯಿತೆಂದು ತಿಳಿಯದೆ ನಿಂತಿದ್ದಳು. ಮೂರನೆಯದಕ್ಕೆ ಮೈಗೆ ಬೆಂಕಿ ಬಿದ್ದಂತಾಯಿತು. ನಾದಿನಿ ಸೆರಗು ಜಗ್ಗಿದಳು. “ಒಳಗೆ ಬನ್ನಿ ಅತ್ತಿಗೆ. ನಾಲ್ಕು ದಿನಕ್ಕೆ ಮರೀತಾರೆ.”

“ಹನ್ನೊಂದು ವರ್ಷ ಆಯ್ತಲ್ಲ. ಯಾರು ಮರೆತ್ರು?”

ಅವಳು ಸೀಮೆಎಣ್ಣೆ ಸ್ಟವ್ವನ್ನು ಎತ್ತಿ ತಂದು ಹೊಸ್ತಿಲಾಚೆ ಕುಕ್ಕಿದಳು. ಪಾತ್ರೆ, ನೀರು, ಕೆಂಪು ಪುಡಿ. ಮುಂದೆ ನಿಂತವಳ ಕೈಯಿಂದ ಮೈದಾನದ ನಲ್ಲಿಯಲ್ಲೇ ತೊಳೆದು ಬಿಳಿಚಿದ ಅಂಗಿ ಕಿತ್ತು, ಒಂದು ತೋಳು ಪರ್ರನೆ ಹರಿದು ಒಳಗೆ ಹಾಕಿದಳು. ಪಕ್ಕದಲ್ಲೇ ಒಂದು ಹಿಡಿ ಬಿಳಿ ಉಣ್ಣೆದಾರ.

“ದರ್ಜಿನ ಕರೀರಿ. ಅವನು ಬರೋವರೆಗೆ, ಇದು ಆರೋವರೆಗೆ, ಒಬ್ಬರೂ ಅಲ್ಲಾಡಬೇಡಿ. ಬೈಯೋಕೆ ಪುರುಸೊತ್ತು ಇತ್ತಲ್ಲ, ನೋಡೋಕೂ ಇರ್ಲಿ.”

ಯಾರೋ ಓಡಿಹೋಗಿ ದರ್ಜಿಯನ್ನು ಕರೆತಂದರು, ಮಿಕ್ಕವರು ಅಲ್ಲಾಡಲಿಲ್ಲ. ನೀರು ತಿಳಿಯಾಯಿತು. ಆರಿದ ಮೇಲೆ ಎರಡನ್ನೂ ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತಿಕ್ಕಿದಳು. ತೋಳು ಬಿಳಿಚಿಕೊಂಡಿತು. ಕೆಂಪು ದಾರವನ್ನು ಹೆಡ್‌ಮಿಸ್ಸಿನ ಬಿಳಿ ಕರವಸ್ತ್ರದ ಮೇಲೆ ಹಿಂಡಿದಳು. ಬರೀ ನೀರು.

“ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅನ್ಸತ್ತೆ, ಅಕ್ಕಾ,” ಎಂದ ದರ್ಜಿ.

“ನೀನು ಕೇಳಿಸ್ಕೊಂಡೆ, ನಂಬಲಿಲ್ಲ. ಅದನ್ನ ಇವರಿಗೆ ಹೇಳು.”

ಹೇಳಿದ.

“ಹಿಂದಿರೋರಿಗೆ ಕೇಳಿಸ್ಲಿಲ್ಲ.”

“ಅಕ್ಕ ಬೇಡ ಅಂದ್ಲು, ನಾನೇ ಮಾಡಿದೆ!” ಎಂದು ಕೂಗಿದ.

ಹೆಂಗಸರು ಚಪ್ಪಲಿಯ ತುದಿ ನೋಡಿಕೊಳ್ಳುತ್ತ ಒಬ್ಬೊಬ್ಬರಾಗಿ ಜಾರಿದರು. ಒಬ್ಬಳಾದರೂ ತಪ್ಪಾಯಿತು ಅನ್ನಲಿಲ್ಲ. ಹೆಡ್‌ಮಿಸ್ಸು ಕರವಸ್ತ್ರ ಮಡಿಸುತ್ತ ನಕ್ಕಳು. “ಮನಸ್ಸಿಗೆ ಹಚ್ಕೋಬೇಡಿ. ಅಂದಹಾಗೆ ಮುಂದಿನ ತಿಂಗಳ ಕವಾಯತಿಗೆ ನಲವತ್ತು ಬಿಳಿ ಉಣ್ಣೆ ಟೋಪಿ ಇದಾವೆ. ನೀವೇ ಬಣ್ಣ ಹಾಕಿಕೊಡಿ.”

ಇಳಿಯುತ್ತಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು.

“ಹಾಕ್ತೀನಿ. ಇವತ್ತು ಬಂದ ಹಾಗೇ ಬಂದು, ಅದೇ ಗಂಟಲಲ್ಲಿ ‘ನಮ್ದು ತಪ್ಪು’ ಅನ್ಲಿ. ಯಾವ ತಾಯಿ ಅಂತಾಳೋ ಅವಳ ಮಗುವಿನ ಟೋಪಿಗೆ ಬಣ್ಣ.”

“ಮಕ್ಕಳೇನು ಮಾಡಿದ್ವು, ಪಾಪ?”

“ಏನೂ ಮಾಡಿಲ್ಲ. ಅವರಮ್ಮಂದಿರಿಗೆ ಹೋಗಿ ಹೇಳಿ.”

ಆ ತಿಂಗಳಲ್ಲಿ ಬಂದವರು ಮೂವರು. ನಾದಿನಿ ದಿನವೂ ಗೊಣಗಿದಳು, ಸಾಕು ಬಿಡಿ ಅತ್ತಿಗೆ, ಹಠ ಅತಿಯಾಯ್ತು ಎಂದು. ಬಣ್ಣದಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಕವಾಯತಿನ ದಿನ ಬೀದಿಯಲ್ಲಿ ಸಾಲು ಹೊರಟಾಗ ಬಾಗಿಲಲ್ಲಿ ನಿಂತು ಎಣಿಸಿದಳು: ಮೂರು ಕೆಂಪು, ಮೂವತ್ತೇಳು ಬಿಳಿ.