ಎಡಗಿವಿಯ ಸರದಿ

ಹೆಬ್ಬೂರಿನ ತುಳಸಮ್ಮನಿಗೆ ನಲವತ್ತಕ್ಕೇ ಕಿವಿ ಹೋಗಿತ್ತು, ಅವರ ಮಗಳಿಗೂ ಅದೇ ವಯಸ್ಸಿಗೆ. ಮೊಮ್ಮಗಳು ಸಂಹಿತಾ ತುಮಕೂರಿನಲ್ಲಿ ಕಿವಿ ಡಾಕ್ಟರಾದದ್ದೇ ಆ ಹೆದರಿಕೆಯಿಂದ. ವಂಶದಲ್ಲಿ ಇಳಿದುಬರುವ ಕಿವುಡಿನ ಸಂಶೋಧನೆಗೆಂದು ಮೂರು ಸಲ ಅರ್ಜಿ ಹಾಕಿದಳು. ಮೂವತ್ತೊಂಬತ್ತು ತುಂಬಿದ ಮೇಲೆ ಅನುದಾನ ಬಂತು.

ಅದರಲ್ಲಿ ಕೊಂಡ, ಕೇಳುವ ಶಕ್ತಿ ಅಳೆಯುವ ಹೊಸ ಯಂತ್ರವನ್ನು ಪರೀಕ್ಷಿಸಲು ಮೊದಲು ತಾನೇ ಗಾಜಿನ ಕೋಣೆಯೊಳಗೆ ಕೂತಳು. ಹೊರಗೆ ಯಂತ್ರದ ಮುಂದೆ ಟೆಕ್ನಿಷಿಯನ್ ಗಂಗಾಧರ್. ಬಲಗಿವಿಯಲ್ಲಿ ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿದಳು. ಆಮೇಲೆ ಎಡಗಿವಿಯ ಸರದಿಗೆ ಕಾದಳು. ಈಚೆಗೆ ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದುದು ಯಾಕೋ ನೆನಪಾಯಿತು. ಗಂಗಾಧರ್ ಕೈಕಟ್ಟಿ ಕೂತಿದ್ದ. ರೇಗಿ ಬಾಗಿಲು ತೆರೆದಳು.

"ಎಡಗಡೇದು ಯಾಕ್ರೀ ಇನ್ನೂ ಶುರು ಮಾಡಿಲ್ಲ?"

ಅವನು ತಲೆ ಎತ್ತಲಿಲ್ಲ.

"ಅದೂ ಮುಗೀತು, ಮೇಡಂ."